ನನ್ನ ಹತ್ರ ಎರಡಿದೆ

ಆ ಓಣಿಯಲ್ಲಿ ಹಲ್ಲುಮೇಷ್ಟ್ರ ಮನೆ ಯಾವುದು ಎಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಹಲ್ಲುಮೇಷ್ಟ್ರ ಜೊತೆ ಐದು ನಿಮಿಷ ಕೂತು ಮಾತಾಡಿದವರು ಯಾರು ಎಂದು ಕೇಳಿದ್ದರೆ ಮಾತ್ರ ಓಣಿಗೆ ಓಣಿಯೇ ಮುಖ ಮುಖ ನೋಡಿಕೊಳ್ಳಬೇಕಿತ್ತು. ಅವರು ಮೇಷ್ಟ್ರೂ ಅಲ್ಲ, ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರು ರೋಗಿಯ ಬಾಯಿಂದ ತೆಗೆದು ಕಳಿಸಿದ ಅಚ್ಚಿಗೆ ತಕ್ಕಂತೆ ಹಲ್ಲಿನ ಸೆಟ್ಟು ಕಟ್ಟಿಕೊಡುವವರು. ಮಾತು ಕಡಿಮೆ, ಕನ್ನಡಕ ದಪ್ಪ, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಅಷ್ಟಕ್ಕೇ ಜನ ಮೇಷ್ಟ್ರು ಎಂದು ಕರೆದಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಮೇಜಿನ ತುಂಬ ಪ್ಲಾಸ್ಟರಿನ ಬಾಯಿಗಳು, ಒಂದೊಂದರ ಬುಡಕ್ಕೂ ಪೆನ್ಸಿಲಿನಲ್ಲಿ ಬರೆದ ನಂಬರು. ಮೂವತ್ತು ವರ್ಷದಲ್ಲಿ ಎಷ್ಟೋ ಸಾವಿರ ಜನಕ್ಕೆ ನಗು ಕಟ್ಟಿಕೊಟ್ಟಿದ್ದರು. ಅದರಲ್ಲಿ ಒಬ್ಬರು ನಕ್ಕಿದ್ದನ್ನೂ ಕಣ್ಣಾರೆ ಕಂಡವರಲ್ಲ.

ಅವರಿಗೆ ತಮ್ಮವರು ಅಂತ ಇದ್ದದ್ದು ಒಬ್ಬಳೇ ಅಕ್ಕ. ಇಬ್ಬರಿಗೂ ಮದುವೆಯ ಮಾತು ಬಂದು, ಬಂದ ದಾರಿಯಲ್ಲೇ ವಾಪಸ್ಸು ಹೋಗಿ, ಆಮೇಲೆ ಅಕ್ಕ ತಮ್ಮ ಒಂದೇ ಸೂರಿನಡಿ ವಯಸ್ಸಾದರು. ಅಕ್ಕ ಮಾತಿನಮಲ್ಲಿ. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದಳು. ತಮ್ಮ ಆಗಾಗ ‘ಹೂಂ’ ಎಂದರೆ ಸಾಕಿತ್ತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟವಳು ಹಾಲು ಉಕ್ಕಿದರೂ ಇಳಿಸಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಅಷ್ಟೇ. ಆಮೇಲೆ ಆ ಮನೆಯಲ್ಲಿ ಹೂಂ ಅನ್ನುವುದಕ್ಕೂ ಕಾರಣ ಉಳಿಯಲಿಲ್ಲ.

ಅಕ್ಕ ಹೋದ ಮೂರನೇ ತಿಂಗಳು ಮೇಷ್ಟ್ರು ಕಪಾಟಿನ ಮುರಿದ ಬಾಗಿಲಿಗೆ ಹಲಗೆ ಹುಡುಕಿಕೊಂಡು ಊರಾಚೆಯ ಮರದ ಮಿಲ್ಲಿಗೆ ಹೋದರು. ಮಿಲ್ಲು ಮುಚ್ಚಿ ವರ್ಷಗಳಾಗಿದ್ದವು. ಕಾವಲುಗಾರ ಹಿತ್ತಲಿಗೆ ಕರೆದುಕೊಂಡು ಹೋಗಿ, ಬೇಕಾದ ಹಲಗೆ ಆರಿಸಿಕೊಳ್ಳಿ ಎಂದ. ಅಲ್ಲಿ ಗೋಡೆಗೆ ಮುಖ ಮಾಡಿ ಒಂದು ಲಾರಿ ನಿಂತಿತ್ತು, ಪಾಠ ಒಪ್ಪಿಸದ ತಪ್ಪಿಗೆ ಮೂಲೆಯಲ್ಲಿ ನಿಲ್ಲಿಸಿ ಆಮೇಲೆ ಮರೆತುಬಿಟ್ಟ ಮಗುವಿನ ಹಾಗೆ. ಎತ್ತರದ ಚಕ್ರ, ಮೊಂಡು ಮೂಗು, ಬಾಗಿಲೇ ಇಲ್ಲದ ಕ್ಯಾಬಿನ್ನು. ಬಾನೆಟ್ಟಿನ ಸಂದಿಯಿಂದ ಒಂದು ಗಿಡ ಆಳೆತ್ತರಕ್ಕೆ ಬೆಳೆದಿತ್ತು.

“ಮಿಲಿಟರಿದು ಸಾರ್,” ಎಂದ ಕಾವಲುಗಾರ. “ನಮ್ಮಪ್ಪ ಹುಟ್ಟೋಕೆ ಮುಂಚಿನದು. ದಿಮ್ಮಿ ಹೊತ್ತು ಹೊತ್ತು ಒಂದಿನ ನಿಂತ್ಕೊಂಡ್ಬಿಡ್ತು. ಬರೋ ವಾರ ಗುಜರಿಯವರು ಕತ್ತರಿಸ್ಕೊಂಡು ಹೋಗ್ತಾರೆ.”

ಮೇಷ್ಟ್ರು ಹಲಗೆಯ ವಿಷಯ ಮರೆತರು. ಮಡ್‌ಗಾರ್ಡಿನ ಮೇಲಿನ ತುಕ್ಕನ್ನು ಉಗುರಿನಿಂದ ಕೆರೆದರು. ಕೆಳಗೆ ಹಸಿರು ಬಣ್ಣ, ಅದರ ಕೆಳಗೆ ಗಟ್ಟಿ ಕಬ್ಬಿಣ. ಅದು ಯಾಕೆ ಬೇಕೆನಿಸಿತು ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಮನೆಗೆ ಹೋದರೆ ಮಾಡಲು ಏನೂ ಇರಲಿಲ್ಲ, ಇದರಲ್ಲಿ ಮಾಡುವುದು ಬೇಕಾದಷ್ಟಿತ್ತು, ಇಷ್ಟೇ ಇರಬೇಕು.

ಗುಜರಿಯವರ ಬದಲು ಕ್ರೇನಿನವರು ಬಂದರು. ಲಾರಿ ಓಣಿಯೊಳಗೆ ತೂಗುತ್ತ ಬಂದಾಗ ಎದುರಂಗಡಿಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

“ಮೇಷ್ಟ್ರೇ, ಯಾರ ಮೇಲೆ ಯುದ್ಧ?”

“ಯಾರ ಮೇಲೂ ಇಲ್ಲಮ್ಮ.”

“ಹಾಗಾದ್ರೆ ಸರಿ. ನಮ್ ಕಡೆಗೆ ಮೂತಿ ತಿರುಗಿಸಿ ನಿಲ್ಲಿಸ್ಬೇಡಿ ಮತ್ತೆ.”

ಮನೆಯ ಪಕ್ಕದ ಖಾಲಿ ಜಾಗಕ್ಕೆ ತಗಡಿನ ಸೂರು ಎದ್ದಿತು. ಹಗಲು ಹಲ್ಲು, ಸಂಜೆ ಲಾರಿ. ಹಲ್ಲಿನ ಕೆಲಸದವರ ಕೈ ಸೂಕ್ಷ್ಮ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಮುದುಕಿಯ ದವಡೆ ನೋಯುತ್ತದೆ ಎಂದು ಕಲಿತ ಕೈ ಅದು. ಆ ಕೈ ಮೊಣಕಾಲುದ್ದದ ಸ್ಪ್ಯಾನರು ಹಿಡಿಯುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ತುಕ್ಕು ಹಿಡಿದ ಒಂದು ಬೋಲ್ಟು ಬಿಚ್ಚಲು ಒಮ್ಮೊಮ್ಮೆ ವಾರ ಹಿಡಿಯುತ್ತಿತ್ತು. ಎಣ್ಣೆ ಬಿಟ್ಟು, ಕಾಯಿಸಿ, ತಟ್ಟಿ, ಮತ್ತೆ ಎಣ್ಣೆ ಬಿಟ್ಟು. ಆತುರ ಮಾಡಿದರೆ ತಲೆಯೇ ಕಿತ್ತು ಬರುತ್ತಿತ್ತು. ಬಿಚ್ಚಿದ್ದಕ್ಕೆಲ್ಲ ಹಲ್ಲಿನ ಅಚ್ಚುಗಳಿಗೆ ಬರೆದ ಹಾಗೆಯೇ ನಂಬರು ಬರೆದು ಸಾಲಾಗಿ ಇಡುತ್ತಿದ್ದರು. ಗೇರಿನ ಹಿಡಿಯ ಗುಂಡು ಒಡೆದಿತ್ತು. ವಸಡಿಗೆ ಬಳಸುವ ಗುಲಾಬಿ ಬಣ್ಣದ ವಸ್ತುವಿನಲ್ಲೇ ಹೊಸ ಗುಂಡು ಎರಕ ಹೊಯ್ದರು. ಯುದ್ಧದ ಲಾರಿಗೆ ವಸಡಿನ ಬಣ್ಣದ ಗುಂಡು. ನೋಡಿ ನಗಲು ಯಾರೂ ಇರಲಿಲ್ಲವಾದ್ದರಿಂದ ತಾವೇ ಸ್ವಲ್ಪ ನಕ್ಕರು.

ಎಂಜಿನ್ನಿನಲ್ಲಿ ಸಿಕ್ಕದೇ ಉಳಿದದ್ದು ಡಿಸ್ಟ್ರಿಬ್ಯೂಟರಿನ ಟೋಪಿ, ಅಂದರೆ ಪ್ಲಗ್ಗುಗಳಿಗೆ ಸರದಿಯ ಪ್ರಕಾರ ಕಿಡಿ ಹಂಚುವ ಭಾಗದ ಮುಚ್ಚಳ. ಊರ ಗುಜರಿಗಳನ್ನೆಲ್ಲ ಜಾಲಾಡಿದರೂ ಅದರ ಸುಳಿವಿರಲಿಲ್ಲ. ಹಳೆಯ ವಾಹನಗಳ ಹುಚ್ಚಿನವರು ಹೊರಡಿಸುವ ಒಂದು ಮಾಸಪತ್ರಿಕೆಗೆ ಟೋಪಿ ಬೇಕೆಂದು ನಾಲ್ಕು ಸಾಲು ಬರೆದು, ವಿಳಾಸ ಫೋನ್ ನಂಬರು ಸೇರಿಸಿ ಕಳಿಸಿದರು. ಪತ್ರಿಕೆ ಬಂದ ಭಾನುವಾರವೇ ಬೆಳಿಗ್ಗೆ ಹತ್ತಕ್ಕೆ ಫೋನು ಹೊಡೆದುಕೊಂಡಿತು. ಅಕ್ಕ ಹೋದಮೇಲೆ ಭಾನುವಾರ ಆ ಫೋನು ಹೊಡೆದುಕೊಂಡದ್ದು ಅದೇ ಮೊದಲು.

“ಟೋಪಿ ಕೇಳಿದ್ದು ನೀವೇನಾ?” ದೊಡ್ಡ ಗಂಟಲು, ಬಾವಿಯೊಳಗಿಂದ ಬಂದ ಹಾಗೆ.

“ಹೌದು.”

“ನಿಮಗೊಂದು ಟೋಪಿ ಹಾಕೋಣ ಅಂತ ಫೋನ್ ಮಾಡ್ದೆ.”

ಮೇಷ್ಟ್ರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

“ನಗಬಹುದು ಸ್ವಾಮಿ, ಬಿಲ್ಲು ನಂದೇ ಬರೋದು. ಲಿಫ್ಟಪ್ಪ ಅಂತಾರೆ ನನ್ನ. ಲಿಫ್ಟ್ ರಿಪೇರಿ ಮಾಡ್ತಿದ್ದೆ. ಮೂವತ್ತೆರಡು ವರ್ಷ ಜನರನ್ನ ಮೇಲಕ್ಕೆ ಕಳಿಸಿದ್ದೇ ಕಸುಬು. ಗಾಬರಿ ಆಗ್ಬೇಡಿ, ವಾಪಸ್ಸೂ ಇಳಿಸಿದೀನಿ. ನಿಮ್ಮ ಲಾರಿಯಂಥದ್ದೇ ನಂದೂ ಒಂದಿದೆ.”

“ಟೋಪಿ ಕೊಟ್ರೆ ನಿಮಗೆ?”

“ನನ್ನ ಹತ್ರ ಎರಡಿದೆ,” ಎಂದರು ಲಿಫ್ಟಪ್ಪ.

ಬುಧವಾರದ ಬಸ್ಸಿನಲ್ಲಿ ಪಾರ್ಸೆಲ್ಲು ಬಂತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹುರಿ ಬಿಗಿದು, ಮೇಲೆ ದುಂಡನೆಯ ಅಕ್ಷರದಲ್ಲಿ ವಿಳಾಸ. ಒಳಗೆ ಪುಟ್ಟ ಮಗುವಿನಂತೆ ಹತ್ತಿಯಲ್ಲಿ ಮಲಗಿದ್ದ ಕರಿಯ ಟೋಪಿ. ಒಂದೂ ಬಿರುಕಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನು. ಒಂದು ವಾರ ಅವರು, ಒಂದು ವಾರ ಇವರು. ಇಬ್ಬರ ನಡುವೆ ನೂರಾ ನಲವತ್ತು ಕಿಲೋಮೀಟರು, ನಡುವೆ ಒಂದು ತಂತಿ. ಮಾತೆಲ್ಲ ಲಾರಿಯದೇ. ಬ್ರೇಕಿನ ಸಿಲಿಂಡರು ಬಿಚ್ಚುವಾಗ ಯಾವ ಕಡೆ ಮೊದಲು ತಿರುಗಿಸಬೇಕು, ಗ್ಯಾಸ್ಕೆಟ್ಟಿಗೆ ಎಷ್ಟು ದಪ್ಪದ ರಟ್ಟು. ಲಿಫ್ಟಪ್ಪನಿಗೆ ಆ ಲಾರಿಯ ಒಂದೊಂದು ನಟ್ಟೂ ಬಾಯಿಪಾಠ. “ಈಗ ಕೈ ಒಳಗೆ ಹಾಕಿ. ಎಡಕ್ಕೆ. ಒಂದು ಪೈಪು ತಗಲತ್ತೆ, ಅದನ್ನ ಬಿಡಿ. ಅದರ ಹಿಂದೆ ಬೆರಳಿಗೆ ಒಂದು ಮೊಳೆ ಚುಚ್ಚತ್ತಲ್ಲ, ಅದೇ.” ಮೇಷ್ಟ್ರು ಕಾಗದದಲ್ಲಿ ಬರೆದುಕೊಂಡು ಶೆಡ್ಡಿಗೆ ಹೋಗಿ ಕೈ ಹಾಕಿದರೆ ಬೆರಳಿಗೆ ಚುಚ್ಚುತ್ತಿತ್ತು. ಹೀಗೆ ಒಬ್ಬರು ಹೇಳುತ್ತ ಒಬ್ಬರು ಮಾಡುತ್ತ ಒಂದು ವರ್ಷ ಹೋಯಿತು.

ಇಂಧನದ ಪಂಪು ಕೆಟ್ಟಿದೆ ಎಂದರೆ, “ನನ್ನ ಹತ್ರ ಎರಡಿದೆ.” ಆಯಿಲ್ ಮೀಟರಿನ ಗಾಜು ಒಡೆದಿದೆ ಎಂದರೆ, “ಅದೂ ಎರಡಿದೆ.” ಬಾನೆಟ್ಟಿನ ಕೊಂಡಿ, ಸೀಟಿನ ಸ್ಪ್ರಿಂಗು, ಹೆಡ್‌ಲೈಟಿನ ಬಟ್ಟಲು. ಬುಧವಾರದ ಬಸ್ಸು ಒಂದಲ್ಲ ಒಂದು ತರುತ್ತಿತ್ತು.

“ಅದೇನು ಎಲ್ಲಾನೂ ಎರಡೆರಡು?” ಎಂದು ಒಮ್ಮೆ ಮೇಷ್ಟ್ರು ಕೇಳಿದರು.

“ಎರಡು ಲಾರಿ ತಂದು ಒಂದು ಮಾಡ್ತಿದೀನಿ ಸ್ವಾಮಿ. ಮಿಕ್ಕಿದ್ದನ್ನ ಏನ್ ಮಾಡ್ಲಿ, ಹಾರ ಮಾಡಿ ಹಾಕ್ಕೊಳ್ಲಾ?”

ಮೇಷ್ಟ್ರು ಮತ್ತೆ ಕೇಳಲಿಲ್ಲ. ಕೇಳುವುದು ಅವರಿಗೆ ಮೊದಲಿಂದಲೂ ಬಾರದ ವಿದ್ಯೆ. ಕೇಳಬೇಕಾದ್ದನ್ನೆಲ್ಲ ಅಕ್ಕ ಕೇಳುತ್ತಿದ್ದಳು. ಹಾಲಿನವನ ಮಗಳ ಪರೀಕ್ಷೆ, ಪಕ್ಕದ ಮನೆಯ ಅಜ್ಜನ ಮಂಡಿನೋವು, ಎಲ್ಲ. ಲಿಫ್ಟಪ್ಪನ ಮನೆಯಲ್ಲಿ ಯಾರಿದ್ದಾರೆ, ವಯಸ್ಸೆಷ್ಟು, ಕೆಲಸ ಯಾಕೆ ಬಿಟ್ಟರು, ಒಂದೂ ಮೇಷ್ಟ್ರಿಗೆ ಗೊತ್ತಿರಲಿಲ್ಲ. ದನಿಯ ಮೇಲಿಂದ ಅವರೇ ಒಂದು ಆಳನ್ನು ಕಟ್ಟಿಕೊಂಡಿದ್ದರು: ಅಗಲ ಎದೆ, ದಪ್ಪ ಮೀಸೆ, ಲಾರಿಯ ಚಕ್ರವನ್ನು ಒಂದೇ ಕೈಲಿ ಎತ್ತುವಂಥ ತೋಳು.

ಎರಡನೆಯ ವರ್ಷ ಫೋನಿನಲ್ಲಿ ಏನೋ ತೊಂದರೆ ಶುರುವಾಯಿತು. ಲಿಫ್ಟಪ್ಪನ ದನಿ ಸಣ್ಣಗೆ ಕೇಳಿಸತೊಡಗಿತು. “ಲೈನು ಸರಿಯಿಲ್ಲ, ಸ್ವಲ್ಪ ಜೋರಾಗಿ ಹೇಳಿ,” ಎನ್ನುತ್ತಿದ್ದರು ಮೇಷ್ಟ್ರು. ಆ ಕಡೆ ಉಸಿರು ಎಳೆದುಕೊಂಡ ಸದ್ದಾಗಿ, ಮತ್ತೆ ಅದೇ ಮಾತು ಬರುತ್ತಿತ್ತು. ಮೇಷ್ಟ್ರು ಫೋನಿನವರನ್ನು ಕರೆಸಿದರು. ಅವರು ತಂತಿ ಬದಲಾಯಿಸಿದರು. ಆಮೇಲೆ ಯಂತ್ರವನ್ನೇ ಬದಲಾಯಿಸಿದರು. “ಈಗ ಹೇಗಿದೆ?” ಎಂದು ಕೇಳಿದರೆ ಲಿಫ್ಟಪ್ಪ, “ಈಗ ಚೆನ್ನಾಗಿದೆ,” ಎಂದರು, ಮತ್ತೂ ಸಣ್ಣ ದನಿಯಲ್ಲಿ.

ಮೂರನೆಯ ವರ್ಷದ ಕೊನೆಗೆ ಬಂದದ್ದು ಸ್ಟೀರಿಂಗಿನ ಚಕ್ರ, ಅದೇ ಬಿಳಿ ಬಟ್ಟೆಯಲ್ಲಿ. ಟೈಲರಮ್ಮ ನೋಡಿ, “ಮೇಷ್ಟ್ರೇ, ಯಾರೋ ನಿಮಗೆ ಚಂದ್ರನ್ನೇ ಹೊಲಿದು ಕಳ್ಸಿದಾರೆ,” ಎಂದಳು. ಲಾರಿಯ ಹಿಂಭಾಗದ ಟಾರ್ಪಾಲನ್ನು ಅವಳೇ ಹೊಲಿದುಕೊಟ್ಟಿದ್ದಳು. ಮೂರು ಸೂಜಿ ಮುರಿದವು ಎಂದು ಆ ವರ್ಷವೆಲ್ಲ ಹೇಳಿಕೊಂಡಳು. ಅಷ್ಟರಲ್ಲಿ ಮೇಷ್ಟ್ರು ದೊಡ್ಡ ಗಾಡಿ ಓಡಿಸುವ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ಅವರಿಗಿಂತ ಅರ್ಧ ವಯಸ್ಸಿನವರು. ಇವರನ್ನು ಪರೀಕ್ಷೆ ಮಾಡುವ ಅಧಿಕಾರಿ ಎಂದುಕೊಂಡು ಒಬ್ಬ ನಮಸ್ಕಾರ ಮಾಡಿದ್ದ.

ಒಂದು ಶನಿವಾರ ಮಧ್ಯಾಹ್ನ ಎಂಜಿನ್ನು ಕೆಮ್ಮಿತು, ಸುಮ್ಮನಾಯಿತು, ಇನ್ನೊಮ್ಮೆ ಕೆಮ್ಮಿ ನಿಂತೇ ಬಿಟ್ಟಿತು ಅನ್ನುವಾಗ ಹೊತ್ತಿಕೊಂಡಿತು. ಶೆಡ್ಡಿನ ತಗಡೆಲ್ಲ ಗಡಗಡ ನಡುಗಿತು. ಮುಂದಿನ ಕೋಣೆಯ ಮೇಜಿನ ಮೇಲೆ ಪ್ಲಾಸ್ಟರಿನ ಬಾಯಿಗಳು ಕಟಕಟನೆ ಹಲ್ಲು ಕಡಿದವು. ಟೈಲರಮ್ಮ ಓಡಿ ಬಂದು ಕಿವಿ ಮುಚ್ಚಿಕೊಂಡೇ ಏನೋ ಕೂಗಿದಳು. ಮೇಷ್ಟ್ರಿಗೆ ಏನೂ ಕೇಳಿಸಲಿಲ್ಲ. ಅವರ ಮನಸ್ಸೆಲ್ಲ ಮರುದಿನದ ಹತ್ತು ಗಂಟೆಯ ಮೇಲಿತ್ತು. ಫೋನನ್ನು ಕಿಟಕಿಯವರೆಗೆ ಎಳೆದು, ಎಂಜಿನ್ನಿನ ಸದ್ದನ್ನೇ ಕೇಳಿಸಬೇಕು ಎಂದು ಉದ್ದದ ತಂತಿ ಕೂಡ ತಂದಿಟ್ಟರು.

ಭಾನುವಾರ ಹತ್ತಕ್ಕೆ ಫೋನು ಮಾಡಿದರು. ಆ ಕಡೆ ಗಂಟೆ ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಹತ್ತೂವರೆಗೆ ಮತ್ತೆ. ಹನ್ನೊಂದಕ್ಕೆ ಮತ್ತೆ. ಶೆಡ್ಡಿನಲ್ಲಿ ಲಾರಿಯ ಎಂಜಿನ್ನು ಓಡುತ್ತಲೇ ಇತ್ತು. ಕೊನೆಗೆ ಹೋಗಿ ಆರಿಸಿ ಬಂದರು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಬುಧವಾರದ ಬಸ್ಸಿನವನು ಇವರನ್ನು ಕಂಡು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ. ಮನಸ್ಸಿನಲ್ಲಿ ಏನೇನೋ ಹಾದುಹೋಯಿತು. ತಾನು ಏನಾದರೂ ತಪ್ಪು ಮಾತಾಡಿದೆನೇ ಎಂದು ಹಿಂದಿನ ಮಾತನ್ನೆಲ್ಲ ತಿರುವಿ ಹಾಕಿದರು. ಮಾತೆಂದರೆ ಬರೀ ನಟ್ಟು ಬೋಲ್ಟು. ಅದರಲ್ಲಿ ತಪ್ಪಿಗೆ ಜಾಗವಾದರೂ ಎಲ್ಲಿ?

ನಾಲ್ಕನೆಯ ಭಾನುವಾರ ಅವರು ಫೋನು ಮಾಡಲಿಲ್ಲ. ಪಾರ್ಸೆಲ್ಲಿನ ಬಟ್ಟೆಯ ಮೇಲಿದ್ದ ವಿಳಾಸವನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಬೆಳಗಾಗುತ್ತಲೇ ಲಾರಿಯನ್ನು ಹೊರಗೆ ತೆಗೆದರು.

ನಲವತ್ತರ ಮೇಲೆ ಓಡಿಸಿದರೆ ಇಡೀ ಗಾಡಿ ಕಳಚಿ ಬೀಳುತ್ತದೇನೋ ಎನ್ನುವಂತೆ ಕುಣಿಯುತ್ತಿತ್ತು. ಗೇರು ಬದಲಾಯಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು. ತಪ್ಪಿದರೆ ಒಳಗಿನ ಹಲ್ಲುಗಳು ಕಿರ್ರೆಂದು ಬೈಯುತ್ತಿದ್ದವು. ಬಾಗಿಲಿಲ್ಲದ ಕ್ಯಾಬಿನ್ನಿಗೆ ಧೂಳು, ಗಾಳಿ, ಮುಂದಿನ ಬಸ್ಸಿನ ಹೊಗೆ ಎಲ್ಲಕ್ಕೂ ಮುಕ್ತ ಪ್ರವೇಶ. ದಾರಿಯಲ್ಲಿ ಜನ ನಿಂತು ನೋಡಿದರು. ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು ನೆಟ್ಟಗೆ ನಿಂತು ಸೆಲ್ಯೂಟು ಹೊಡೆದ. ಮೇಷ್ಟ್ರಿಗೆ ಕೈ ಎತ್ತಲು ಧೈರ್ಯ ಬರಲಿಲ್ಲ. ಎತ್ತಿದರೆ ಗಾಡಿ ಚರಂಡಿಗೆ ಹೋಗುತ್ತಿತ್ತು. ಮೂರು ಕಡೆ ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಿ, ಮಧ್ಯಾಹ್ನ ದಾಟುವ ಹೊತ್ತಿಗೆ ಆ ಊರು ಸೇರಿದರು.

ಸಾಲುಮನೆಗಳ ಬೀದಿಯ ಕೊನೆಯ ಮನೆ. ಲಾರಿಯ ಸದ್ದಿಗೆ ಎಲ್ಲ ಮನೆಯ ಬಾಗಿಲೂ ತೆರೆದವು, ಆ ಮನೆಯದೊಂದು ಬಿಟ್ಟು. ಎಂಜಿನ್ನು ಆರಿಸಿ ಬಾಗಿಲು ತಟ್ಟಿದರು. ತೆಳ್ಳಗಿನ ಒಬ್ಬ ಹೆಂಗಸು ಬಂದಳು. ಅರವತ್ತರ ಸುಮಾರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಮೊದಲು ಲಾರಿಯನ್ನು ನೋಡಿದಳು, ಆಮೇಲೆ ಇವರನ್ನು.

“ಹಲ್ಲುಮೇಷ್ಟ್ರು,” ಎಂದಳು, ಕೇಳುವ ಹಾಗೂ ಅಲ್ಲ, ಕರೆಯುವ ಹಾಗೂ ಅಲ್ಲ.

“ಹೌದಮ್ಮ. ಲಿಫ್ಟಪ್ಪನವರು...”

“ಇದಾರೆ. ಮಲಗಿದಾರೆ. ಮೊದಲು ಇತ್ಲಾಗೆ ಬನ್ನಿ.”

ಅವಳು ಮನೆಯ ಮಗ್ಗುಲಿನಿಂದ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ಶೆಡ್ಡು. ಒಳಗೆ ಮರದ ದಿಮ್ಮಿಗಳ ಮೇಲೆ ಒಂದು ಲಾರಿಯ ಚಾಸಿ, ಅಂದರೆ ಕಬ್ಬಿಣದ ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿ, ಮುಂದೆ ಖಾಲಿ ಎಂಜಿನ್ನಿನ ಒಡಲು. ಹೆಡ್‌ಲೈಟಿನ ಜಾಗದಲ್ಲಿ ಎರಡು ತೂತು. ಸ್ಟೀರಿಂಗಿನ ಕಂಬ ಇತ್ತು, ಮೇಲೆ ಚಕ್ರವಿರಲಿಲ್ಲ. ಮೇಷ್ಟ್ರು ಅದರ ಸುತ್ತ ಒಂದು ಸುತ್ತು ಬಂದರು. ಎಲ್ಲಿ ಏನಿಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಲ್ಲದ್ದೆಲ್ಲ ಹೊರಗೆ ಬೀದಿಯಲ್ಲಿ ನಿಂತಿತ್ತು.

“ಇನ್ನೊಂದು ಲಾರಿ?” ಎಂದರು. ಕೇಳುವ ಮೊದಲೇ ಉತ್ತರ ಗೊತ್ತಿತ್ತು.

“ಯಾವ ಇನ್ನೊಂದು? ಇದ್ದಿದ್ದು ಇದೊಂದೇ.” ಅವಳು ಚಾಸಿಯ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು. “ಅವರಿಗೆ ನಡುಕದ ಕಾಯಿಲೆ. ಐದು ವರ್ಷ ಆಯ್ತು. ಅದಕ್ಕೇ ಕೆಲಸ ಬಿಡಿಸಿದ್ದು. ಸ್ಪ್ಯಾನರ್ ಹಿಡಿದ್ರೆ ಹಿಡಿದ ಕೈಯಲ್ಲೇ ಡೋಲು ಬಾರ್ಸೋದು. ಒಂದಿನ ಒಂದು ನಟ್ಟು ಹಾಕೋಕೆ ಬೆಳಗಿಂದ ಸಂಜೆವರ್ಗೂ ಕೂತಿದ್ರು. ಆಗ್ಲಿಲ್ಲ. ಆ ವಾರಾನೇ ಪತ್ರಿಕೇಲಿ ನಿಮ್ದು ನೋಡಿದ್ದು.”

“ನನಗೆ ಗೊತ್ತಿರಲಿಲ್ಲ.”

“ಗೊತ್ತಾಗ್ಬಾರ್ದು ಅಂತಾನೇ ಅಲ್ವಾ.” ಕೈಗೆ ಹತ್ತಿದ ಧೂಳನ್ನು ಸೆರಗಿಗೆ ಒರೆಸಿಕೊಂಡಳು. “ದನಿ ಹೋಗ್ತಾ ಬಂತು. ಆ ಕಾಯಿಲೇಲಿ ಹಾಗಾಗತ್ತಂತೆ. ಭಾನುವಾರ ಎದ್ದ ಕೂಡ್ಲೆ ಬಿಸಿನೀರು ಕುಡಿಯೋರು, ಪೇಪರ್ ಜೋರಾಗಿ ಓದೋರು, ಹತ್ತು ಗಂಟೆಗೆ ಗಂಟಲು ತಯಾರಾಗ್ಲಿ ಅಂತ. ನೀವು ಲೈನ್ ಸರಿಯಿಲ್ಲ ಅಂದಾಗ ಸಮಾಧಾನ ಆಗೋದು ಅವರಿಗೆ. ಈಗ ಪಿಸುಮಾತು ಬಿಟ್ರೆ ಏನೂ ಬರಲ್ಲ. ಫೋನ್ ಎತ್ತಬೇಡ ಅಂದ್ಬಿಟ್ರು. ಅದು ಹೊಡ್ಕೊಳ್ತಿತ್ತು. ಇಬ್ರೂ ಕೂತು ಕೇಳ್ತಿದ್ವಿ.”

ಮೇಷ್ಟ್ರು ಚಕ್ರವಿಲ್ಲದ ಸ್ಟೀರಿಂಗಿನ ಕಂಬವನ್ನು ಹಿಡಿದರು. ಎಷ್ಟು ಸಲ ಹೇಳಿದ್ದೆ, ಜೋರಾಗಿ ಹೇಳಿ, ಜೋರಾಗಿ ಹೇಳಿ ಎಂದು. ಯಂತ್ರ ಬದಲಾಯಿಸಿದೆ, ತಂತಿ ಬದಲಾಯಿಸಿದೆ. ಹುಷಾರಾಗಿದ್ದೀರಾ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಲಿಫ್ಟಪ್ಪ ಎದ್ದು ಕೂತಿದ್ದರು. ಸದ್ದು ಕೇಳಿಯೇ ಅವರಿಗೆ ಗೊತ್ತಾಗಿತ್ತು. ಅಗಲ ಎದೆ ಇರಲಿಲ್ಲ, ಮೀಸೆಯೂ ಇರಲಿಲ್ಲ. ಸಣ್ಣ ಆಳು, ಅಂಗಿ ಅವರಿಗಿಂತ ದೊಡ್ಡದಾಗಿತ್ತು. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನು ಬೆರಳು ಎಣಿಸುತ್ತಿತ್ತು. ಮೇಷ್ಟ್ರು ಹತ್ತಿರ ಹೋಗಿ ಬಗ್ಗಿದರು. ತುಟಿ ಅಲ್ಲಾಡಿತು, ಮಾತು ಬಂದದ್ದು ಕಿವಿಯನ್ನು ತುಟಿಗೆ ತಾಗಿಸಿದಾಗಲೇ.

“ಮೂರನೇದು... ಸರಿಯಿಲ್ಲ.”

“ಏನು?”

“ಮೂರನೇ ಸಿಲಿಂಡರು. ವಾಲ್ವು. ಕೇಳ್ಲಿಲ್ವಾ?”

ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಮೇಷ್ಟ್ರಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಲಿಫ್ಟಪ್ಪನವರನ್ನು ಕುರ್ಚಿಯ ಸಮೇತ ಬೀದಿಗೆ ತಂದು, ಅಡುಗೆಮನೆಯ ಮಣೆಯನ್ನೂ ಒಂದು ಸ್ಟೂಲನ್ನೂ ಮೆಟ್ಟಿಲಾಗಿ ಇಟ್ಟು, ಪಕ್ಕದ ಮನೆಯವರಿಬ್ಬರು ಕೈಜೋಡಿಸಿ, ಚಾಲಕನ ಸೀಟಿಗೆ ಹತ್ತಿಸಿದರು. ಅವರು ಒಳಗೆಲ್ಲ ಕಣ್ಣಾಡಿಸಿದರು. ತಮ್ಮ ಮೀಟರು, ತಮ್ಮ ಸ್ಟೀರಿಂಗು. ಗೇರಿನ ಗುಲಾಬಿ ಗುಂಡು ಕಂಡಾಗ ಮಾತ್ರ ಭುಜ ಕುಲುಕತೊಡಗಿತು. ಸದ್ದಿಲ್ಲದ ನಗು. ಅವರ ಹಲ್ಲು ಕಾಣಿಸಿದವು, ಸ್ವಂತದ್ದೇ, ಚೆನ್ನಾಗಿದ್ದವು. ಮೇಷ್ಟ್ರು ಅಭ್ಯಾಸಬಲದಿಂದ ಅದನ್ನೂ ಗಮನಿಸಿದರು.

ಎಂಜಿನ್ನು ಚಾಲೂ ಆಯಿತು. ಲಿಫ್ಟಪ್ಪ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಸೀಟು, ಗಾಜು, ಬಾನೆಟ್ಟು, ಇಡೀ ಗಾಡಿಯೇ ನಡುಗುತ್ತಿತ್ತು. ಅವರ ಕೈಯ ನಡುಕ ಅದರಲ್ಲಿ ಎಲ್ಲಿ ಸೇರಿಹೋಯಿತೋ, ಬೇರೆಯಾಗಿ ಕಾಣಲಿಲ್ಲ. ಬಾನೆಟ್ಟು ತೆರೆದು ನಿಂತ ಮೇಷ್ಟ್ರಿಗೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದರು. ಬೆರಳು ಎಡಕ್ಕೆ ಬಾಗಿದರೆ ಸಡಿಲ, ಬಲಕ್ಕೆ ಬಾಗಿದರೆ ಬಿಗಿ. ಅರ್ಧ ಗಂಟೆ ಹೀಗೆ. ಕಟಕಟ ಎನ್ನುತ್ತಿದ್ದ ಸದ್ದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಇಲ್ಲವಾಯಿತು. ಬೆರಳು ಕೆಳಗಿಳಿಯಿತು.

ಸಂಜೆ ಹೊರಡುವಾಗ ಮೇಷ್ಟ್ರು ಅವರ ಕಿವಿಯ ಬಳಿ ಬಗ್ಗಿ, “ಗಾಡಿ ಇಲ್ಲೇ ಬಿಟ್ಟು ಹೋಗ್ತೀನಿ. ನಿಮ್ಮದೇ ಇದು,” ಎಂದರು.

“ನಿಲ್ಲಿಸಿದ್ರೆ ಮತ್ತೆ ತುಕ್ಕು,” ಎಂದರು ಲಿಫ್ಟಪ್ಪ. “ಓಡಿಸ್ಕೊಂಡು ಬನ್ನಿ.”

ಹಾಗೆ ಮೇಷ್ಟ್ರು ತಿಂಗಳಿಗೊಮ್ಮೆ ಓಡಿಸಿಕೊಂಡು ಹೋಗತೊಡಗಿದರು. ಲಿಫ್ಟಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೀಳದ ಹಾಗೆ ಪಟ್ಟಿ ಕಟ್ಟಿ, ಊರ ಹೊರಗಿನ ಕೆರೆಯ ಏರಿಯವರೆಗೆ ಹೋಗಿ ಬರುವುದು. ಎಂಜಿನ್ನಿನ ಅಬ್ಬರದಲ್ಲಿ ಮಾತು ಸಾಧ್ಯವಿರಲಿಲ್ಲ, ಅದು ಇಬ್ಬರಿಗೂ ಅನುಕೂಲವೇ ಆಗಿತ್ತು. ಏರಿಯ ಮೇಲೆ ಗಾಡಿ ನಿಲ್ಲಿಸಿದಾಗ ಮಾತ್ರ ಮೇಷ್ಟ್ರು ಕಷ್ಟಪಟ್ಟು ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ನಿದ್ದೆ ಬರುತ್ತಾ? ಊಟ ಸೇರುತ್ತಾ? ಲಿಫ್ಟಪ್ಪ ಪಿಸುಮಾತಿನಲ್ಲಿ, “ಏನ್ ಸ್ವಾಮಿ, ಡಾಕ್ಟ್ರಾಗ್ಬಿಟ್ರಾ?” ಎಂದು ಹಾರಿಸಿಬಿಡುತ್ತಿದ್ದರು. ಆಮೇಲೆ ನೀರನ್ನು ನೋಡುತ್ತ ಕೂರುತ್ತಿದ್ದರು. ಇಂಥ ಒಂಬತ್ತು ಪ್ರಯಾಣವಾದವು. ಹತ್ತನೆಯದಕ್ಕೆ ನಾಲ್ಕು ದಿನ ಇರುವಾಗ ಆ ಮನೆಯಿಂದ ಫೋನು ಬಂತು. ಎತ್ತಿದಾಗ ಕೇಳಿದ್ದು ಹೆಂಗಸಿನ ದನಿ. ಆ ಮನೆಯಿಂದ ಇಷ್ಟು ವರ್ಷದಲ್ಲಿ ಅವಳು ಫೋನು ಮಾಡಿದ್ದು ಅದೊಂದೇ ಸಲ. ಅವಳು ಹೇಳುವ ಮೊದಲೇ ಮೇಷ್ಟ್ರಿಗೆ ಅರ್ಥವಾಗಿತ್ತು, ಲಿಫ್ಟಪ್ಪ ಹೋಗಿಬಿಟ್ಟಿದ್ದರು.

ಎರಡು ತಿಂಗಳ ಮೇಲೆ ಅವಳು ಮನೆ ಖಾಲಿ ಮಾಡಿ ಬೇರೆ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಸಾಮಾನು ಸಾಗಿಸಲು ಮೇಷ್ಟ್ರೇ ಲಾರಿ ತಂದರು. ಆ ಲಾರಿ ಕೆಲಸ ಅಂತ ಮಾಡಿದ್ದು ಅದೇ ಮೊದಲು. ಒಂದು ಬೀರು, ಎರಡು ಮಂಚ, ಪಾತ್ರೆಯ ಪೆಟ್ಟಿಗೆಗಳು, ಒಂದು ಹೊಲಿಗೆ ಯಂತ್ರ. ಶೆಡ್ಡಿನ ಚಾಸಿಯನ್ನು ಗುಜರಿಯವರು ಒಯ್ದರು. ಮೇಷ್ಟ್ರು ತಾವೂ ಒಂದು ತುದಿ ಹಿಡಿದು ಎತ್ತಿಕೊಟ್ಟರು. ಎತ್ತುವಾಗ ಅದು ಎಣಿಸಿದ್ದಕ್ಕಿಂತ ಹಗುರವಾಗಿತ್ತು.

ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದಳು. ತಂಗಿಯ ಮನೆಯ ಮುಂದೆ ಎಂಜಿನ್ನು ನಿಂತಮೇಲೂ ಇಳಿಯಲಿಲ್ಲ.

“ಒಂದು ಕೇಳ್ತೀನಿ,” ಎಂದಳು. “ಭಾನುವಾರ ಗಂಟೆಗಟ್ಟಲೆ ಮಾತಾಡ್ತಿದ್ರಲ್ಲ, ಏನ್ ಮಾತಾಡ್ತಿದ್ರಿ?”

“ಲಾರಿ ವಿಷಯ.”

“ಬೇರೇನೂ ಇಲ್ವಾ?”

ಮೇಷ್ಟ್ರು ಯೋಚಿಸಿದರು. “ಇಲ್ಲ.”

ಅವಳು ತಲೆಯಾಡಿಸಿದಳು. “ನನ್ನ ಹತ್ರ ಅಷ್ಟು ಹೊತ್ತು ಮಾತಾಡಿದವರೇ ಅಲ್ಲ. ಆಗ ಗಂಟಲಿದ್ದಾಗ್ಲೂ. ಕೆಲಸದಿಂದ ಬಂದ್ರೆ ಶೆಡ್ಡು. ನಾನು ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ, ನಿಮ್ಮ ಹತ್ರ ಎಷ್ಟು ನಗ್ತಾರೆ ಅಂತ.”

ಮೇಷ್ಟ್ರು ಸ್ಟೀರಿಂಗನ್ನು ನೋಡುತ್ತ ಕೂತರು. ಈ ಹೆಂಗಸಿಗೆ ಕೊಡಲು ತನ್ನ ಬಳಿ ಏನಾದರೂ ಇರಬೇಕು ಎಂದು ಮೂರು ವರ್ಷದ ಭಾನುವಾರಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದರು. ಗ್ಯಾಸ್ಕೆಟ್ಟು, ಪಂಪು, ಎಣ್ಣೆ. ಕೊನೆಗೊಂದು ಸಿಕ್ಕಿತು.

“ಒಂದು ಸಲ ಹೇಳಿದ್ರು. ಪಾರ್ಸೆಲ್ ಹುರಿಗೆ ಕತ್ತರಿ ಹಾಕಬೇಡಿ, ಒಂದು ತುದಿ ಹಿಡಿದು ಎಳೀರಿ, ತಾನಾಗೇ ಬಿಚ್ಕೊಳ್ಳತ್ತೆ ಅಂತ. ಎಷ್ಟು ಬಿಗಿ ಇದ್ರೂ ಒಂದೇ ಎಳೆತಕ್ಕೆ ಬಿಚ್ಚತ್ತೆ, ಅಂಥ ಗಂಟು ಹಾಕೋದು ನಮ್ಮನೇಲಿ ಒಬ್ಬಳಿಗೇ ಗೊತ್ತು, ಲಿಫ್ಟ್ ಕಂಪನಿ ಇಂಜಿನಿಯರಿಗೂ ಬರಲ್ಲ ಅಂದ್ರು. ತುಂಬ ಹೊತ್ತು ಅದನ್ನೇ ಹೇಳಿದ್ರು. ನಾನೇ ಮಾತು ಬದಲಾಯಿಸ್ದೆ.”

ಅವಳು ಗಡಿಯಾರವನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದಳು. ತಂಗಿಯ ಮನೆಯವರು ಬಂದು ಸಾಮಾನು ಇಳಿಸಿಕೊಂಡರು. ಬೀರು ಹೊಸ್ತಿಲಲ್ಲಿ ಸಿಕ್ಕಿಕೊಂಡಿತು, ಬಾಗಿಲು ಕಳಚಿ ಒಳಗೆ ಹಾಕಬೇಕಾಯಿತು. ಎಲ್ಲ ಮುಗಿದಮೇಲೆ ಅವಳು ಲಾರಿಯ ಹತ್ತಿರ ಬಂದು, “ಹುಷಾರಾಗಿ ಹೋಗಿ ಮೇಷ್ಟ್ರೇ,” ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ, “ಆ ಮಾತು ಹೇಳಿದ್ದಕ್ಕೆ,” ಎಂದಳು. ವಾಕ್ಯ ಮುಗಿಸದೆ ಒಳಗೆ ಹೋದಳು.

ಮೇಷ್ಟ್ರು ಗಾಡಿ ತಿರುಗಿಸಿದರು. ಮುಖ್ಯರಸ್ತೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸಾಮಾನು ಇಳಿಸಿದ ಲಾರಿ ಪ್ರತಿ ಗುಂಡಿಗೂ ಎಗರುತ್ತಿತ್ತು. ಪಕ್ಕದ ಸೀಟಿನ ಪಟ್ಟಿ ಸಡಿಲಾಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಕಡೆ ನಿಲ್ಲಿಸಿ ಅದನ್ನು ಸುತ್ತಿ ಸೀಟಿನ ಕೆಳಗೆ ಸಿಕ್ಕಿಸಿದರು. ರೇಡಿಯೇಟರಿಗೆ ನೀರು ಹುಯ್ದರು. ಮನೆ ಇನ್ನೂ ಮೂರು ಗಂಟೆಯ ದಾರಿ. ಎಂಜಿನ್ನು ಒಂದೇ ಸಮನಾಗಿ ಓಡುತ್ತಿತ್ತು, ಆರೂ ಸಿಲಿಂಡರು. ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಮೇಷ್ಟ್ರು ಕ್ಲಚ್ಚನ್ನು ಎರಡು ಸಲ ಒತ್ತಿ ಗೇರು ಬದಲಾಯಿಸಿದರು. ಈ ಸಲ ಕಿರ್ರೆನ್ನಲಿಲ್ಲ.